ಚಿಲಕ ಹಾಕಬೇಡ ಪುಟ್ಟು

ಪ್ರೀತಿಯ ಪುಟ್ಟು,

ನಿನ್ನ ಕಾಗದ ಬಂದು ಐದು ದಿನ ಆಯಿತು. ಈಮೇಲ್ ಆದರೂ ನನಗೆ ಅದು ಕಾಗದವೇ. ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ನಿನ್ನ ಕೆಲಸ, ಹೊಸ ರೂಮು, ಇದನ್ನೆಲ್ಲ ಒಂದು ಸಲ ಓದಿದೆ. ಕೊನೆಯ ನಾಲ್ಕು ಸಾಲನ್ನು ಮಾತ್ರ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

"ಮೊನ್ನೆ ರಾತ್ರಿ ಬೆಂಚ್ ಪ್ರೆಸ್ ಮಾಡ್ತಾ 70 ಕೆ.ಜಿ. ಎದೆ ಮೇಲೆ ಕೂತುಬಿಡ್ತು ಮಾವ, ಏಳಲೇ ಇಲ್ಲ. ಹೇಗೋ ಒಂದು ಕಡೆ ವಾಲಿಸಿ ಪ್ಲೇಟ್ ಬೀಳಿಸಿ ಎದ್ದೆ. ಓನರ್ ಆಂಟಿ ಓಡಿ ಬಂದು ಬಾಗಿಲು ಬಡಿದ್ರು, ಒಳಗಿಂದ ಚಿಲಕ ಹಾಕಿತ್ತು. ಆಮೇಲೆ ನಗು ತಡೆಯೋಕೆ ಆಗಲಿಲ್ಲ" ಅಂತ ಬರೆದಿದ್ದೀಯ.

ನನಗೆ ನಗು ಬರಲಿಲ್ಲ ಪುಟ್ಟು. ಆ ರಾತ್ರಿ ಎರಡು ಗಂಟೆಗೆ ಎದ್ದು ಜಗಲಿ ಮೇಲೆ ಕೂತೆ. ನಿಮ್ಮತ್ತೆ ಏನಾಯ್ತು ಅಂದಳು, ಎದೆ ಉರಿ ಅಂದೆ. ನಿಮ್ಮಮ್ಮನಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನೀನು ನನ್ನನ್ನು ನಂಬಿ ಬರೆದಿದ್ದೀಯ. ಆದರೆ ಕಣ್ಣು ಮುಚ್ಚಿದರೆ ಆ ಚಿಲಕವೇ ಕಾಣುತ್ತದೆ.

ಭಾರದ ಬಗ್ಗೆ ನನಗೆ ಭಯವಿಲ್ಲ. ಇಲ್ಲಿ ದಾವಣಗೆರೆಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರು ದಿನವಿಡೀ ಮೂಟೆ ಹೊರುತ್ತಾರೆ. ಆದರೆ ಅವರು ನಿಂತಿರುತ್ತಾರೆ. ಆಗದಿದ್ದರೆ ಮೂಟೆ ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ. ಬೆಂಚ್ ಪ್ರೆಸ್ಸಿನಲ್ಲಿ ನೀನು ಮಲಗಿಕೊಂಡು ರಾಡನ್ನು ಎದೆಯಿಂದ ಮೇಲಕ್ಕೆ ಎತ್ತುತ್ತೀಯ. ಬೆನ್ನ ಕೆಳಗೆ ಬೆಂಚು, ಮೇಲೆ ಕಬ್ಬಿಣ, ಎಲ್ಲಿಗೆ ಸರಿಯುತ್ತೀಯ?

ನಿಮ್ಮ ತಾತ ನನ್ನನ್ನು ಗರಡಿ ಮನೆಗೆ ಕರೆದುಕೊಂಡು ಹೋದಾಗ ನನಗೆ ಹತ್ತು ವರ್ಷವೂ ತುಂಬಿರಲಿಲ್ಲ. ಮಿಲ್ಲಿನ ಪಾಳಿ ಮುಗಿಸಿ ಬಂದವರು ಸಂಜೆ ಕೆಮ್ಮಣ್ಣಿನ ಮೇಲೆ ಸಾಮು ಮಾಡುತ್ತಿದ್ದರು. ದಂಡ, ಬಸ್ಕಿ, ಗದೆ, ಕಲ್ಲಿನ ಗುಂಡು. ಈಗ ಕೂತು ಯೋಚನೆ ಮಾಡಿದರೆ ಒಂದು ವಿಷಯ ಹೊಳೆಯುತ್ತದೆ. ಅಲ್ಲಿದ್ದ ಎಲ್ಲವನ್ನೂ ಕೈಬಿಡಬಹುದಿತ್ತು. ಗದೆ ಜಾರಿದರೆ ಮಣ್ಣಿಗೆ ಬೀಳುತ್ತಿತ್ತು, ಗುಂಡು ಭುಜಕ್ಕೆ ಏರದಿದ್ದರೆ ಮುಂದಕ್ಕೆ ತಳ್ಳಿ ಹಿಂದೆ ಹಾರುತ್ತಿದ್ದರು. ಬಾಗಲಕೋಟೆ, ವಿಜಯಪುರದ ಕಡೆ ಜಾತ್ರೆಗಳಲ್ಲಿ ಇವತ್ತಿಗೂ ಸಂಗ್ರಾಣಿ ಕಲ್ಲು ಎತ್ತುತ್ತಾರಲ್ಲ, ಅದೂ ಹಾಗೇ. ಮಲಗಿದವನ ಎದೆ ಮೇಲೆ ಬಂದು ನಿಲ್ಲುವಂಥದ್ದು ನಮ್ಮ ಗರಡಿಯಲ್ಲಿ ಒಂದೂ ಇರಲಿಲ್ಲ. ಮತ್ತೆ ನಮ್ಮ ವಸ್ತಾದರು, ಅಂದರೆ ಗರಡಿಯ ಗುರುಗಳು, ಯಾರನ್ನೂ ಒಬ್ಬನೇ ಸಾಮಿಗೆ ಬಿಡುತ್ತಿರಲಿಲ್ಲ. ಕೀಲಿಕೈ ಅವರ ಸೊಂಟದಲ್ಲೇ ಇರುತ್ತಿತ್ತು.

ದೊಡ್ಡ ವೇಟ್‌ಲಿಫ್ಟರ್‌ಗಳೂ ಸೋಲುತ್ತಾರೆ ಪುಟ್ಟು. 2016ರಲ್ಲಿ ರಿಯೋ ಒಲಿಂಪಿಕ್ಸ್‌ನಲ್ಲಿ ಮೀರಾಬಾಯಿ ಚಾನುಗೆ ಕ್ಲೀನ್ ಅಂಡ್ ಜರ್ಕ್, ಅಂದರೆ ರಾಡನ್ನು ಮೊದಲು ಭುಜಕ್ಕೆ, ಆಮೇಲೆ ತಲೆ ಮೇಲಕ್ಕೆ ಎತ್ತುವುದು, ಮೂರು ಸಲವೂ ಆಗಲಿಲ್ಲ. ಅದೇ ಹುಡುಗಿ ಟೋಕಿಯೋದಲ್ಲಿ ಒಟ್ಟು 202 ಕೆ.ಜಿ. ಎತ್ತಿ ಬೆಳ್ಳಿ ತಂದಳು. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್‌ನಲ್ಲಿ 56 ಕೆ.ಜಿ. ವಿಭಾಗದಲ್ಲಿ 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದ ದಿನ ನಾನು ನಿನಗೆ ಫೋನ್ ಮಾಡಿದ್ದೆ, ನೆನಪಿದೆಯಾ? ನಿನಗೆ ಈ ಹುಚ್ಚು ಹತ್ತಿದ್ದೇ ಆಗ. ಅದಕ್ಕೂ ನಾನೇ ಕಾರಣ ಅಂತ ಈಗ ಅನ್ನಿಸುತ್ತದೆ. ನಾನು ಹೇಳುವುದು ಇಷ್ಟೇ. ಅವರಿಗೆ ಆಗದಿದ್ದಾಗ ರಾಡ್ ಬಿಟ್ಟುಬಿಡುತ್ತಾರೆ, ಅದು ರಬ್ಬರ್ ಪ್ಲೇಟಿನ ಮೇಲೆ ಬಿದ್ದು ಪುಟಿಯುತ್ತದೆ. ಸೋತವರು ನಡೆದುಕೊಂಡು ಹೊರಗೆ ಹೋಗುತ್ತಾರೆ. ಬೆಂಚ್ ಪ್ರೆಸ್ಸಿಗೆ ಆ ಅನುಕೂಲ ಇಲ್ಲ. ಅದಕ್ಕೇ ಬೆಂಚ್ ಪ್ರೆಸ್ ಕೂಡ ಸೇರಿರುವ ಪವರ್‌ಲಿಫ್ಟಿಂಗ್‌ನ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ವೇದಿಕೆ ಮೇಲೆ ಕಡಿಮೆ ಅಂದರೂ ಇಬ್ಬರು ರಾಡ್ ಹಿಡಿಯಲು ಸಪೋರ್ಟ್‌ಗೆ ಇರಲೇಬೇಕು ಅಂತ ನಿಯಮ ಇದೆ, ಐವರ ತನಕ ನಿಲ್ಲಬಹುದು. ಅಷ್ಟು ಪಳಗಿದವರಿಗೇ ಇಬ್ಬರು ಬೇಕು. ನೀನು ರಾತ್ರಿ ಹನ್ನೊಂದರ ಮೇಲೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಬಾಗಿಲಿಗೆ ಚಿಲಕ ಹಾಕಿಕೊಂಡು ಒಬ್ಬನೇ ಮಾಡುತ್ತೀಯ.

ನಿನ್ನ ಕಾಗದದಲ್ಲಿ ಇನ್ನೊಂದು ಮಾತಿದೆ, ನೀನು ಅದನ್ನು ಖುಷಿಯಿಂದ ಬರೆದಿದ್ದೀಯ. ರಾಡಿಗೆ ಪ್ಲೇಟು ಜಾರದಂತೆ ಹಾಕುವ ಲಾಕ್ ಇರಲಿಲ್ಲ, ಆರ್ಡರ್ ಮಾಡಿದ್ದೀನಿ, ಮುಂದಿನ ವಾರ ಬರುತ್ತೆ ಅಂತ. ಪುಟ್ಟು, ಆ ರಾತ್ರಿ ಲಾಕ್ ಇರಲಿಲ್ಲ ಅಂತಲೇ ಪ್ಲೇಟು ಜಾರಿ ಬಿದ್ದಿದ್ದು. ಲಾಕ್ ಇದ್ದಿದ್ದರೆ ವಾಲಿಸಿದರೂ ಪ್ಲೇಟು ಅಲ್ಲಾಡುತ್ತಿರಲಿಲ್ಲ. ಆಂಟಿ ಬಾಗಿಲು ಬಡಿಯುತ್ತಿದ್ದರು, ನೀನು ಒಳಗೆ...

ಇದನ್ನು ಯಾಕೆ ಇಷ್ಟು ಹಿಡಿದುಕೊಂಡಿದ್ದೇನೆ ಅಂತ ಕೇಳುತ್ತೀಯ. ನಾನು ಯಾರಿಗೂ ಸರಿಯಾಗಿ ಹೇಳದ ಒಂದು ವಿಷಯ ಇದೆ. ನಿಮ್ಮತ್ತೆಗೂ ಅರ್ಧವೇ ಗೊತ್ತು.

1985ರ ಮಾತು. ನನಗೆ 22. ಗರಡಿ ಬಿಟ್ಟು ನಾವು ಐದಾರು ಹುಡುಗರು ಒಂದು ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ನಮ್ಮದೇ ವ್ಯಾಯಾಮಶಾಲೆ ಮಾಡಿಕೊಂಡಿದ್ದೆವು. ನನ್ನ ಗೆಳೆಯನೊಬ್ಬ ಲೇತ್ ಕೆಲಸದವನು. ಹಳೇ ಶಾಫ್ಟ್ ತಂದು ಅವನೇ ರಾಡ್ ಮಾಡಿದ. ಪ್ಲೇಟುಗಳನ್ನು ಫೌಂಡ್ರಿಯಲ್ಲಿ ಎರಕ ಹೊಯ್ಯಿಸಿದೆವು. ಅವು ಒಂದಕ್ಕೊಂದು ಸಮ ಇರಲಿಲ್ಲ, ತಕ್ಕಡಿಯಲ್ಲಿ ತೂಗಿ ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತಿದ್ದೆವು. ಲಾಕ್ ಅಂದರೆ ಬೋಲ್ಟು, ಸ್ಪ್ಯಾನರ್‌ನಿಂದ ಬಿಗಿ ಮಾಡಬೇಕು. ಎಷ್ಟು ಚೆನ್ನಾಗಿ ಮಾಡಿದ್ದ ಅಂದರೆ ಅದು ಒಂದು ಕೂದಲಿನಷ್ಟೂ ಸರಿಯುತ್ತಿರಲಿಲ್ಲ.

ಅವತ್ತು ಅವನು 90 ಕೆ.ಜಿ. ಹಾಕಿಕೊಂಡ. ಅವನಿಗೆ ಹೆಬ್ಬೆರಳನ್ನು ಸುತ್ತದೆ, ಉಳಿದ ಬೆರಳಿನ ಕಡೆಗೇ ಇಟ್ಟು ಹಿಡಿಯುವ ಅಭ್ಯಾಸ. ಮಣಿಕಟ್ಟು ನೋಯಲ್ಲ ಅನ್ನುತ್ತಿದ್ದ. "ಹಿಂದೆ ನಿಂತ್ಕೋ" ಅಂದ. ನಿಂತೆ. ಎರಡು ಸಲ ಎತ್ತಿದ. ಬಾಗಿಲ ಹತ್ತಿರ ಯಾರೋ ನನ್ನ ಹೆಸರು ಕೂಗಿದರು, ಸಿನಿಮಾ ಟಿಕೆಟ್ ವಿಷಯ. ನಾನು ಆ ಕಡೆ ಮುಖ ತಿರುಗಿಸಿ ಎರಡು ಹೆಜ್ಜೆ ಹೋದೆ. ಎರಡೇ ಹೆಜ್ಜೆ.

ಸದ್ದು ಜೋರಾಗಿ ಬರಲಿಲ್ಲ. ಕಬ್ಬಿಣ ನೆಲಕ್ಕೆ ಬಿದ್ದರೆ ಸದ್ದಾಗುತ್ತದೆ, ಇದು ನೆಲಕ್ಕೆ ಬಿದ್ದಿರಲಿಲ್ಲ. ನಾನೊಬ್ಬನೇ ಎತ್ತಲು ನೋಡಿದೆ, ಆಗಲಿಲ್ಲ. ಬಾಗಿಲಲ್ಲಿದ್ದವನು ಓಡಿ ಬಂದ ಮೇಲೆ ಇಬ್ಬರೂ ಎತ್ತಿದೆವು. ಎದೆಮೂಳೆ ಬಿರುಕು ಬಿಟ್ಟಿತ್ತು, ಎರಡು ಪಕ್ಕೆಲುಬು ಮುರಿದಿತ್ತು. ಬದುಕಿಕೊಂಡ. ಮೂರು ತಿಂಗಳು ಕೆಲಸಕ್ಕೆ ಹೋಗಲಿಲ್ಲ, ಆಮೇಲೆ ಲೇತಿನ ಭಾರದ ಕೆಲಸ ಮಾಡಲು ಆಗದೆ ಅದನ್ನೂ ಬಿಟ್ಟ. ಅವರಮ್ಮ ಆಸ್ಪತ್ರೆಯಲ್ಲಿ ನನ್ನನ್ನು ಕೇಳಿದರು, ಹೇಗಾಯ್ತಪ್ಪ ಅಂತ. ನಾನು ಹಿಂದೆಯೇ ನಿಂತಿದ್ದೆ ಅಮ್ಮ, ಕೈ ಜಾರಿತು ಅಂದೆ. ಅವನು ಮಂಚದ ಮೇಲೆ ಮಲಗಿ ಕೇಳಿಸಿಕೊಳ್ಳುತ್ತಿದ್ದ. ಏನೂ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.

ಬಾಗಿಲು ತೆರೆದಿತ್ತು ಪುಟ್ಟು, ಹತ್ತು ಅಡಿಯಲ್ಲಿ ಇನ್ನೊಬ್ಬ ಇದ್ದ, ಅದಕ್ಕೇ ಅವನು ಉಳಿದ. ನಾನು ಎರಡು ಹೆಜ್ಜೆ ದೂರ ಇದ್ದೆ, ಆದರೂ ಹೀಗಾಯಿತು. ನಿನ್ನ ಹತ್ತಿರ ಆ ಎರಡು ಹೆಜ್ಜೆಯಲ್ಲೂ ಯಾರಿಲ್ಲ.

ನಾನು ಈಗಿನ ಕಾಲದ ಟ್ರೇನರ್ ಅಲ್ಲ. ನಿನಗೆ ವಿಡಿಯೋ ನೋಡಿ ನನಗಿಂತ ಜಾಸ್ತಿ ಗೊತ್ತಿರಬಹುದು. ಆದರೂ ನಾಲ್ಕು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಬೆಂಚಿನ ಎರಡೂ ಪಕ್ಕ ನಿಲ್ಲಿಸುವ ಸೇಫ್ಟಿ ಸ್ಟ್ಯಾಂಡ್ ಸಿಗುತ್ತದೆ, ಎತ್ತರ ಹೆಚ್ಚು ಕಡಿಮೆ ಮಾಡಬಹುದು. ಅದನ್ನು ತಗೋ. ನಿನ್ನದು ಐದು ಅಡಿ ರಾಡ್ ಅಂದಿದ್ದೀಯ. ರಾಡ್ ಇಡುವ ದೊಡ್ಡ ರ್ಯಾಕುಗಳು ಏಳು ಅಡಿಯ 20 ಕೆ.ಜಿ. ರಾಡಿಗೆ ಅಂತ ಮಾಡಿದ್ದು, ನಿನ್ನ ರಾಡ್ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಕೊಳ್ಳುವ ಮುಂಚೆ ಎರಡು ಪ್ಲೇಟಿನ ಮಧ್ಯದ ಜಾಗ ಟೇಪ್ ಹಿಡಿದು ಅಳೆ. ಸ್ಟ್ಯಾಂಡ್ ಬಂದ ಮೇಲೆ ಖಾಲಿ ರಾಡ್ ಇಟ್ಟು ಪರೀಕ್ಷೆ ಮಾಡು. ಎದೆ ಉಬ್ಬಿಸಿ ಮಲಗಿದಾಗ ರಾಡ್ ಎದೆಗೆ ಮುಟ್ಟಬೇಕು, ಉಸಿರು ಬಿಟ್ಟು ಬೆನ್ನು ಚಪ್ಪಟೆ ಮಾಡಿದ ಕೂಡಲೇ ಅದು ಸ್ಟ್ಯಾಂಡಿನ ಮೇಲೆ ಕೂರಬೇಕು, ಕುತ್ತಿಗೆಗಿಂತ ಮೇಲೇ ಉಳಿಯಬೇಕು. ಕುತ್ತಿಗೆಯ ಎತ್ತರವನ್ನು ಎರಡು ಸಲ ನೋಡು. ಮೂರು ಸಲ ನೋಡು.

ಅಲ್ಲಿಯವರೆಗೆ ಬೆಂಚ್ ಪ್ರೆಸ್ ಬೇಡ. ಬೇಡ ಅಂದರೆ ನೀನು ಕೇಳುವುದಿಲ್ಲ, ನನಗೆ ಗೊತ್ತು, ನಿನ್ನ ವಯಸ್ಸಿನಲ್ಲಿ ನಾನೂ ಕೇಳುತ್ತಿರಲಿಲ್ಲ. ಹಾಗಾದರೆ ಡಂಬೆಲ್ಸ್‌ನಲ್ಲಿ ಮಾಡು, ಆಗದಿದ್ದರೆ ಎರಡೂ ಪಕ್ಕಕ್ಕೆ ಬಿಡಬಹುದು. ಇಲ್ಲ ಅಂದರೆ ಬೆನ್ನಿಗೆ ಬ್ಯಾಗ್ ಹಾಕಿ ದಂಡ ಹೊಡಿ, ಎದೆಗೆ ಅದೇನು ಕಡಿಮೆಯಲ್ಲ. ನೆಲದಿಂದ ರಾಡ್ ಎತ್ತುವ ಡೆಡ್‌ಲಿಫ್ಟ್ ಬೇಕಾದರೆ ಮಾಡು, ಆಗದಿದ್ದರೆ ರಾಡ್ ನೆಲದ ಮೇಲೇ ಇರುತ್ತದೆ. ಬೆನ್ನು ಮಾತ್ರ ಗೂನು ಮಾಡಬೇಡ. ರಾಡ್ ಹೆಗಲ ಮೇಲಿಟ್ಟು ಬಸ್ಕಿ ಹೊಡೆಯುವ ಸ್ಕ್ವಾಟಿಗೂ ಸ್ಟ್ಯಾಂಡ್ ಬರುವ ತನಕ ಕಾಯಿ.

ಅಷ್ಟು ಹೇಳಿದರೂ ನೀನು ಮಾಡಿಯೇ ಮಾಡುತ್ತೀಯ ಅಂತ ಒಂದು ಹೆದರಿಕೆ ಇದ್ದೇ ಇದೆ, ಅದಕ್ಕೆ ಇದನ್ನೂ ಬರೆಯುತ್ತೇನೆ. ಒಬ್ಬನೇ ಇರುವಾಗ ರಾಡಿಗೆ ಲಾಕ್ ಹಾಕಬೇಡ. ಇನ್ನೂ ಎರಡು ಸಲ ಎತ್ತಬಹುದು ಅನ್ನಿಸಿದಾಗಲೇ ರಾಡ್ ಕಂಬದ ಮೇಲೆ ಇಟ್ಟುಬಿಡು. ಒಂದೇ ಸಲಕ್ಕೆ 5, 10 ಕೆ.ಜಿ. ಏರಿಸಬೇಡ, ಆ ಕಡೆ ಈ ಕಡೆ 1.25ರ ಪ್ಲೇಟು ಸಾಕು. ಎದೆ ಮೇಲೆ ಕೂತೇಬಿಟ್ಟರೆ ಮತ್ತೊಮ್ಮೆ ಎತ್ತಲು ಒದ್ದಾಡಬೇಡ, ಕೈಯಲ್ಲಿ ಇನ್ನೂ ಶಕ್ತಿ ಇರುವಾಗಲೇ ನಿಧಾನಕ್ಕೆ ಹೊಟ್ಟೆ ಕಡೆಗೆ, ಅಲ್ಲಿಂದ ತೊಡೆ ಕಡೆಗೆ ಉರುಳಿಸಿ ಎದ್ದು ಕೂರು. ನೋಯುತ್ತದೆ, ನೋಯಲಿ. ವಾಲಿಸುವುದು ಕೊನೆಯ ದಾರಿ. ಒಂದು ಕಡೆಯ ಪ್ಲೇಟು ಬಿದ್ದ ಕೂಡಲೇ ಇನ್ನೊಂದು ಕಡೆ ದಬಕ್ಕನೆ ಕೆಳಗೆ ಹೋಗುತ್ತದೆ, ಖಾಲಿ ತುದಿ ಮೇಲಕ್ಕೆ ಹಾರುತ್ತದೆ, ಮುಖಕ್ಕೆ ಹೊಡೆದರೂ ಹೊಡೆಯಿತೇ. ಮೊನ್ನೆ ನಿನ್ನ ಮುಖ ಉಳಿದದ್ದು ಅದೃಷ್ಟ.

ಪಾಳಿ ಮುಗಿಸಿ ಬಂದು ರಾತ್ರಿ ಹೊತ್ತು ಯಾಕಪ್ಪ ಮಾಡುತ್ತೀಯ? ಬೆಳಿಗ್ಗೆ ಹತ್ತಿರದ ಯಾವುದಾದರೂ ಜಿಮ್ಮಿಗೆ ಹೋದರೆ ನಾಲ್ಕು ಜನ ಇರುತ್ತಾರೆ, ಗುರುತಿಲ್ಲದಿದ್ದರೂ ಒಂದು ಸೆಟ್ಟಿಗೆ ಸಪೋರ್ಟ್ ಕೊಡಿ ಅಂದರೆ ಬರುತ್ತಾರೆ. ಫೀಸು ನಾನು ಕಟ್ಟುತ್ತೇನೆ. ನಿನಗೆ ಜನರ ಮುಂದೆ ಮಾಡಲು ಸಂಕೋಚ ಅಂತ ಬರೆದಿದ್ದೀಯ. ನನಗೆ ಅರ್ಥ ಆಗುತ್ತದೆ. ಆದರೂ.

ಕಳೆದ ಭಾನುವಾರ ಆ ಗೆಳೆಯನ ಮನೆಗೆ ಹೋಗಿದ್ದೆ. ಈ ಸಲ ಕೇಳಿಯೇ ಬಿಡಬೇಕು, ಅವತ್ತು ನಾನು ಅಲ್ಲಿ ಇರಲಿಲ್ಲ ಅಂತ ನನ್ನ ಬಾಯಿಂದಲೇ ಹೇಳಬೇಕು ಅಂದುಕೊಂಡು ಹೋದೆ. ಕಾಫಿ ಕುಡಿದೆವು. ಮೊಮ್ಮಗಳು ಬಂದು ಅವನ ತೊಡೆ ಮೇಲೆ ಕೂತಳು. ಮಾತು ಬಾಯಿವರೆಗೆ ಬಂತು, ಆಗಲಿಲ್ಲ. ಬದಲಿಗೆ ನಿನ್ನ ವಿಷಯ ಹೇಳಿದೆ, 70 ಕೆ.ಜಿ., ಚಿಲಕ, ಎಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದ. "ಹುಡುಗ ಹೆಬ್ಬೆರಳು ಸುತ್ತಿ ಹಿಡೀತಾನಾ?"

ನನಗೆ ಗೊತ್ತಿಲ್ಲ ಅಂದೆ. ಸುತ್ತಿ ಹಿಡಿಯೋಕೆ ಹೇಳು ಅಂದ. ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲೂ ಹಾಗೇ ಹಿಡಿಯಬೇಕು ಅಂತ ನಿಯಮ ಇದೆ, ಅದನ್ನು ನಾನು ಆಮೇಲೆ ಮನೆಗೆ ಬಂದು ಓದಿದೆ. ಅವನಿಗೆ ಓದದೆಯೇ ಗೊತ್ತಿತ್ತು. ಹೊರಡುವಾಗ ಗೇಟಿನ ತನಕ ಬಂದ, ಎದೆ ಮೇಲೆ ಕೈ ಇಟ್ಟುಕೊಂಡೇ ನಡೆಯುತ್ತಾನೆ, ಚಳಿಯಲ್ಲಿ ಈಗಲೂ ನೋಯುತ್ತದಂತೆ.

ಪುಟ್ಟು, ಹೆಬ್ಬೆರಳು ಹೇಗೆ ಹಿಡಿಯುತ್ತೀಯ ಅಂತ ಬರಿ. ಅವನಿಗೆ ಹೇಳಬೇಕು.

ಸ್ಟ್ಯಾಂಡಿಗೆ ನಿನ್ನ ಅಕೌಂಟಿಗೆ ಹಣ ಹಾಕಿದ್ದೇನೆ, ಬೇಡ ಅನ್ನಬೇಡ, ಬೇರೆಯದಕ್ಕೆ ಖರ್ಚು ಮಾಡಬೇಡ. ಓನರ್ ಆಂಟಿಗೆ ರೂಮಿನ ಇನ್ನೊಂದು ಕೀ ಕೊಡು. ಕೀ ಕೊಟ್ಟು ಒಳಗಿಂದ ಚಿಲಕ ಹಾಕಿದರೆ ಸುಮ್ನೆ, ಅದಕ್ಕೆ ಚಿಲಕ ಹಾಕಲೇಬೇಡ. ಅವರಿಗೆ ನನ್ನ ನಂಬರ್ ಕೊಟ್ಟು ಅವರ ನಂಬರ್ ನನಗೆ ಕಳಿಸು. ಮತ್ತೆ ನೀನು ಯಾವ ರಾತ್ರಿ ಕಬ್ಬಿಣ ಮುಟ್ಟಿದರೂ ಶುರು ಮಾಡುವ ಮುಂಚೆ ನನಗೊಂದು ಮಿಸ್ಡ್ ಕಾಲ್ ಕೊಡು, ಮುಗಿದ ಮೇಲೆ ಇನ್ನೊಂದು. ಹನ್ನೊಂದಾದರೂ ಸರಿ, ಹನ್ನೆರಡಾದರೂ ಸರಿ. ಎರಡನೆಯದು ಬರುವ ತನಕ ನಾನು ಮಲಗುವುದಿಲ್ಲ.

ನಿನ್ನ,
ಮಾವ