‘ಗುಣಮುಖ’ ಅಂತ ಬರೆದ ಚೀಟಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಮಲೆನಾಡಿನ ಒಂದು ಶುಂಠಿ ಗದ್ದೆ ಪಕ್ಕದ ಮನೆಯಿಂದ ಬರೆಯುತ್ತಿದ್ದೇನೆ. ಎರಡು ವರ್ಷದಲ್ಲಿ ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಮೊಹರು ಚೆನ್ನಾಗಿ ಬಿದ್ದಿದೆ. ಅಷ್ಟೇ ಆಗಿದ್ದು.

ನಮ್ಮ ಮನೆಯವರು ಕೂಲಿಗೆ ಔಷಧಿ ಹೊಡೆಯುತ್ತಿದ್ದರು. (ವಿಷಕ್ಕೆ ನಾವು ಔಷಧಿ ಅಂತಲೇ ಕರೆಯೋದು, ಏನು ಮಾಡೋದು.) ಮಳೆ ಹೊಳವಾದ ಒಂದು ದಿನ ಬೆನ್ನಿನ ಟ್ಯಾಂಕ್ ಸೋರಿ, ಕ್ಲೋರ್‌ಪೈರಿಫಾಸ್ ಅನ್ನೋ ಕೀಟನಾಶಕದಲ್ಲಿ ಅಂಗಿಯೆಲ್ಲ ತೊಯ್ದುಹೋಯಿತು. ಮನೆಗೆ ಬರುವಷ್ಟರಲ್ಲಿ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಆಸ್ಪತ್ರೆಯಲ್ಲಿ ಅಟ್ರೋಪಿನ್ ಅನ್ನೋ ವಿಷಹಾರಿ ಮದ್ದು ಕೊಟ್ಟು ಜೀವ ಉಳಿಸಿದರು. ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಹೇಳಿಕೆ ಬರೆದುಕೊಳ್ಳಲು ಬಂದವರು ಮೊದಲು ಕೇಳಿದ್ದು, “ಮನೇಲಿ ಜಗಳ ಆಗಿತ್ತೇನಮ್ಮಾ?” ಒಂದಲ್ಲ, ಮೂರು ಸಲ. ಆ ಅಂಗಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಮೂಸಿ ನೋಡಿ ಸ್ವಾಮಿ ಅಂದೆ. ಮೂಗು ಮುಚ್ಚಿಕೊಂಡರು.

ಐದನೇ ದಿನ ‘ಗುಣಮುಖ’ ಅಂತ ಚೀಟಿ ಬರೆದು ಕಳಿಸಿದರು.

ಗುಣವಾದವರು ಹೇಗಿದ್ದಾರೆ ಗೊತ್ತಾ? ಅಡಿಕೆ ಆರಿಸಲು ಕೂತರೆ ಬೆಟ್ಟೆ ಯಾವುದು, ಗೊರಬಲು ಯಾವುದು ಅಂತ ಮುಟ್ಟಿಯೇ ಹೇಳುತ್ತಿದ್ದ ಮನುಷ್ಯ. ಈಗ ಎರಡನ್ನೂ ಒಂದೇ ಚೀಲಕ್ಕೆ ತುಂಬಿ, ಯಾಕೆ ಬೈತೀಯಾ ಅಂತ ನನ್ನ ಮುಖ ನೋಡುತ್ತಾರೆ. ರಾತ್ರಿ ನಿದ್ದೆಯಿಲ್ಲ. ಸುಮ್ಸುಮ್ನೆ ಸಿಟ್ಟು.

ಶಿವಮೊಗ್ಗದಲ್ಲಿ ಬಿಎಸ್ಸಿ ಓದುವ ಮಗಳು ಬಿಡಿಸಿ ಹೇಳಿದಳು. ಈ ವಿಷ ನರಗಳ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದಂತೆ. ಅಲ್ಲಿಗೇ ಮುಗಿಯದೆಯೂ ಇರಬಹುದು. ಜೀನ್‌ಗಳು ಹಾಗೇ ಇದ್ದರೂ, ಅವುಗಳ ಮೇಲೆ ಮೀಥೈಲ್ ಎಂಬ ಸಣ್ಣ ಗುರುತುಗಳು ಕೂರುತ್ತವೆ, ಕಳಚುತ್ತವೆ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನೋದರಲ್ಲಿ ಅವುಗಳ ಪಾತ್ರ ಇದೆ. ಇಲಿಗಳ ಮಿದುಳಿನಲ್ಲಿ ಕ್ಲೋರ್‌ಪೈರಿಫಾಸ್‌ನಿಂದ ಇಂಥ ಗುರುತುಗಳು ಬದಲಾಗಿದ್ದನ್ನು ಕಂಡಿದ್ದಾರೆ. ವಿಷ ಮೈಯಿಂದ ಇಳಿದ ಮೇಲೂ ಗುರುತು ಉಳಿಯಬಹುದು. ನಮ್ಮವರಿಗೆ ಆಗಿದ್ದು ಅದೇ ಅಂತ ನಾನು ಹೇಳಲ್ಲ. ಹೇಳಬೇಕಾದವರು ತಿರುಗಿಯೂ ನೋಡಿಲ್ಲ, ಅದೇ ನನ್ನ ತಕರಾರು.

ಔಷಧಿ ಹೊಡೆಯುವವರಿಗೆ ಆಗಾಗ ವೈದ್ಯಕೀಯ ತಪಾಸಣೆ ಆಗಬೇಕು ಅಂತ 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ನಿಮಗೆ ನಾನು ಹೇಳಬೇಕಾ? ತಾಲ್ಲೂಕು ಆಸ್ಪತ್ರೆಯಲ್ಲಿ ಕೋಲಿನೆಸ್ಟರೇಸ್ ರಕ್ತಪರೀಕ್ಷೆ (ಮೇಲೆ ಹೇಳಿದಂಥ ಕಿಣ್ವ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡೋದು) ಶುರು ಮಾಡಿಸಿ. ವಿಷ ತಗುಲಿದವರನ್ನು ಒಂದು ವರ್ಷವಾದರೂ ನರರೋಗದ ಡಾಕ್ಟರು ನೋಡುವ ಹಾಗೆ ಮಾಡಿ. ಬೇರೇನೂ ಆಗದಿದ್ದರೆ, ಆ ರಕ್ತಪರೀಕ್ಷೆಯನ್ನಾದರೂ ಶುರು ಮಾಡಿಸಿ.

ಈ ಸಲ ಟ್ಯಾಂಕ್ ಹೊರಲು ನನ್ನ ಮೈದುನನನ್ನು ಕರೆದಿದ್ದಾರೆ. ಸೋಮವಾರ ಹೋಗ್ತಾನೆ. ಅದಕ್ಕೆ ಮೊದಲು ಅವನ ರಕ್ತ ಎಲ್ಲಿ ಪರೀಕ್ಷೆ ಮಾಡಿಸಲಿ, ಹೇಳಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು