ನನ್ನ ನಿದ್ದೆ ಕಾದೋರಿಗೆಲ್ಲ

ಹೋದ ಮಂಗಳವಾರ ತಾಲ್ಲೂಕು ಆಸ್ಪತ್ರೇಲಿ ಮನಸ್ಸಿನ ಡಾಕ್ಟ್ರು ಮೇಡಂ ನನ್ನ ರಕ್ತದ ರಿಪೋರ್ಟ್ ನೋಡಿ, ಎಲ್ಲಾ ಸರಿಯಾಗಿದೆ ಕಣಮ್ಮ, ಇನ್ಮೇಲೆ ತಿಂಗಳು ತಿಂಗಳು ಬರೋದು ಬೇಡ, ಮೂರು ತಿಂಗಳಿಗೊಂದ್ಸಲ ಬನ್ನಿ ಸಾಕು ಅಂದ್ರು. ನಂಗೆ ಆಸ್ಪತ್ರೆಗೆ ಅಡ್ಮಿಟ್ ಆಗಿ ಬಂದು ಈಗ ಮೂರನೇ ವರ್ಷ ನಡೀತಿದೆ, ಇಷ್ಟರಲ್ಲಿ ಒಂದ್ಸಲಾನೂ ಮತ್ತೆ ಕಾಯಿಲೆ ಆ ಥರ ಕೆರಳಿಲ್ಲ. ಇದಕ್ಕೆ ನಾನೊಬ್ಬಳೇ ಕಾರಣ ಅಲ್ಲ, ಸುಮಾರು ಜನ ಇದಾರೆ, ಅವರಿಗೆಲ್ಲ ಎಲ್ಲರ ಎದುರಿಗೇ ಥ್ಯಾಂಕ್ಸ್ ಹೇಳ್ಬೇಕು ಅಂತ ಬರೀತಿದೀನಿ. ಹೆಸರು ಹಾಕ್ತಿಲ್ಲ, ಓದಿದ್ರೆ ಅವರವರಿಗೆ ಗೊತ್ತಾಗತ್ತೆ.

ನಂಗಿರೋದು ಬೈಪೋಲಾರ್ ಅನ್ನೋ ಕಾಯಿಲೆ. ಕೆಲವು ಕಾಲ ಮನಸ್ಸು ಪೂರ್ತಿ ಕುಸಿದು ಹೋಗತ್ತೆ, ಸ್ನಾನ ಮಾಡಕ್ಕೂ ಏಳಕ್ಕಾಗಲ್ಲ, ಅದು ಡಿಪ್ರೆಶನ್. ಇನ್ನು ಕೆಲವು ಕಾಲ ಉಲ್ಟಾ, ತಲೇಲಿ ಯೋಚನೆ ಓಡ್ತಾನೇ ಇರತ್ತೆ, ಮಾತು ನಿಲ್ಲಲ್ಲ, ನಿದ್ದೇನೇ ಬೇಡ, ದುಡ್ಡು ಕೈಯಲ್ಲಿ ನಿಲ್ಲಲ್ಲ, ಅದಕ್ಕೆ ಮೇನಿಯಾ ಅಂತಾರೆ. ನಮ್ಮ ಮನೇಲಿ ಕುಸಿದಿದ್ದು ಎಲ್ಲರಿಗೂ ಕಾಣಿಸ್ತು, ಏರಿದ್ದು ಯಾರಿಗೂ ಕಾಣಿಸ್ಲಿಲ್ಲ. ಯಾಕಂದ್ರೆ ನಮ್ದು ಶಿಡ್ಲಘಟ್ಟದ ಕಡೆ ಹಳ್ಳಿ, ರೇಷ್ಮೆ ಹುಳ ಸಾಕೋರು. ನಾಲ್ಕನೇ ಜ್ವರ (ಹುಳ ತಿನ್ನೋದು ಬಿಟ್ಟು ಪೊರೆ ಬಿಡೋ ಕಾಲಕ್ಕೆ ನಾವು ಜ್ವರ ಅಂತೀವಿ) ಎದ್ದ ಮೇಲೆ ಕೊನೇ ವಾರ ಹುಳ ತಿನ್ನೋ ಸೊಪ್ಪು ನೋಡಿದೋರಿಗೇ ಗೊತ್ತು, ಇಡೀ ಬೆಳೆಗೆ ಬೇಕಾದ ಸೊಪ್ಪಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ಖರ್ಚಾಗತ್ತೆ, ರಾತ್ರೀನೂ ಎದ್ದು ಸೊಪ್ಪು ಹಾಕ್ಬೇಕು, ಆಮೇಲೆ ಹಣ್ಣು ಹುಳ, ಅಂದ್ರೆ ಗೂಡು ಕಟ್ಟಕ್ಕೆ ರೆಡಿಯಾದ ಹುಳ, ಆರಿಸಿ ಗೂಡು ಕಟ್ಟೋ ಚಂದ್ರಿಕೆಗೆ ಬಿಡ್ಬೇಕು. ಅಂಥಾ ಮನೇಲಿ ಸೊಸೆ ರಾತ್ರಿಯೆಲ್ಲ ಎದ್ದಿದ್ರೆ ಯಾರಾದ್ರೂ ಕಾಯಿಲೆ ಅಂತಾರಾ? ಎಷ್ಟು ಚುರುಕು ಅಂತ ಹೊಗಳ್ತಿದ್ರು.

ಕುಸಿದಾಗ ರಕ್ತ ಕಮ್ಮಿ ಅಂದ್ರು, ದೃಷ್ಟಿ ಅಂದ್ರು, ಒಂದು ಕಡೆ ಖಾಸಗಿಯಾಗಿ ತೋರಿಸಿದ್ದಕ್ಕೆ ಬರೀ ಡಿಪ್ರೆಶನ್ ಮಾತ್ರೆ ಬರೆದು ಕಳಿಸಿದ್ರು. ಬೈಪೋಲಾರ್ ಇರೋರಿಗೆ ಆ ಮಾತ್ರೆ ಒಂದನ್ನೇ ಕೊಟ್ರೆ ಕೆಲವರಲ್ಲಿ ಮೇನಿಯಾ ಕೆರಳತ್ತಂತೆ, ಅದು ಆಮೇಲೆ ಗೊತ್ತಾಗಿದ್ದು. ನಂಗೆ ಹಂಗೇ ಆಯ್ತು. ಮನೇಲಿ ಸೊಪ್ಪಿರೋದು ನೂರು ಮೊಟ್ಟೆಗೆ (ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದ್ರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ), ನಾನು ಮುನ್ನೂರು ಮೊಟ್ಟೆಗೆ ಮರಿ ಹುಳ ಸಾಕಿ ಕೊಡೋ ಚಾಕಿ ಸೆಂಟರಲ್ಲಿ ಅಡ್ವಾನ್ಸ್ ಕೊಟ್ಟು ಬಂದಿದ್ದೆ, ಹೊಸ ಹುಳದ ಮನೆ ಕಟ್ಸಕ್ಕೆ ಮೇಸ್ತ್ರಿ ಕರೆಸಿದ್ದೆ, ಊರವರ ಜೊತೆ ಜಗಳ ಬೇರೆ. ಮೊದಲನೇ ಥ್ಯಾಂಕ್ಸ್ ಆ ಚಾಕಿ ಸೆಂಟರ್ ಅಣ್ಣಂಗೆ. ಯಜಮಾನ್ರು ಹೋಗಿ ವಿಷಯ ಹೇಳಿದಾಗ ಪೂರ್ತಿ ದುಡ್ಡು ವಾಪಸ್ ಕೊಟ್ರು, ಊರಲ್ಲಿ ಒಬ್ಬರ ಹತ್ರಾನೂ ಬಾಯಿ ಬಿಟ್ಟಿಲ್ಲ, ಇವತ್ತಿಗೂ ನಾನು ಹೋದ್ರೆ ಮೊದಲಿನ ಥರಾನೇ ಬಾಮ್ಮ ಕೂತ್ಕೊ ಅಂತಾರೆ.

ಮಂಗಳವಾರ ತಾಲ್ಲೂಕು ಆಸ್ಪತ್ರೇಲಿ ಮನೋಚೈತನ್ಯ ಅಂತ ಕ್ಲಿನಿಕ್ ಇರತ್ತೆ, ಮನಸ್ಸಿನ ಡಾಕ್ಟ್ರು ಬರ್ತಾರೆ ಅಂತ ಹೇಳಿದ್ದು ನಮ್ಮೂರ ಆಶಾ ಅಕ್ಕ. ಹೇಳಿ ಸುಮ್ನಿರ್ಲಿಲ್ಲ, ತಾವೇ ಜೊತೆಗೆ ಬಂದು ಚೀಟಿ ಮಾಡ್ಸಿ ಸಾಲಲ್ಲಿ ನಿಂತ್ರು. ಅಕ್ಕ, ನೀವು ಅವತ್ತು ಬರ್ದೇ ಇದ್ದಿದ್ರೆ ನಮ್ಮೋರು ನನ್ನನ್ನ ಇನ್ನೆಲ್ಲೆಲ್ಲಿ ಕರ್ಕೊಂಡು ಹೋಗ್ತಿದ್ರೋ.

ಮೇಡಂ ಬಗ್ಗೆ ಏನು ಬರೆದ್ರೂ ಕಮ್ಮಿನೇ. ಅಲ್ಲಿವರೆಗೂ ಎಲ್ಲರೂ ಕೇಳ್ತಿದ್ದಿದ್ದು ಬೇಜಾರಾಗತ್ತಾ, ಅಳು ಬರತ್ತಾ, ಸಾಯ್ಬೇಕು ಅನ್ಸತ್ತಾ ಅಂತ. ಇವರು ಬೇಜಾರಿಲ್ಲದ ದಿನಗಳ ಬಗ್ಗೆ ಹೇಳಮ್ಮ ಅಂದ್ರು. ಆಮೇಲೆ ನಮ್ಮ ಅತ್ತೇನ ಒಳಗೆ ಕರೆದು, ಇವರು ನಿದ್ದೆ ಇಲ್ದೇ ಕೆಲಸ ಮಾಡಿದ ಮಾರನೇ ದಿನ ಸುಸ್ತಾಗ್ತಿದ್ರಾ ಅಂತ ಕೇಳಿದ್ರು. ಅತ್ತೆ ಯೋಚನೆ ಮಾಡಿ, ಇಲ್ಲ ಮೇಡಂ, ನಾವೆಲ್ಲ ಕೂತಲ್ಲೇ ತೂಕಡಿಸ್ತಿದ್ವಿ, ಇವಳು ಮಾತ್ರ ಇನ್ನೂ ಜಾಸ್ತಿ ಓಡಾಡ್ತಿದ್ಲು ಅಂದ್ರು. ಅಲ್ಲಿ ಸಿಕ್ತು ನೋಡಿ ನನ್ನ ಕಾಯಿಲೆ. ನಿದ್ದೆಗೆಟ್ಟು ಸುಸ್ತಾಗೋದು ಬೇರೆ, ನಿದ್ದೇನೇ ಬೇಡ ಅನ್ಸೋದು ಬೇರೆ ಅಂತ ಮೇಡಂ ಬಿಡಿಸಿ ಹೇಳಿದ್ರು. ನಿದ್ದೆ ಕೆಡೋದು ಕಾಯಿಲೆಯ ಗುರುತು ಮಾತ್ರ ಅಲ್ಲ, ನಿದ್ದೆ ಕೆಟ್ರೆ ಅದೇ ಮೇನಿಯಾ ತಂದಿಡತ್ತೆ ಅಂತಾನೂ ಹೇಳಿದ್ರು.

ಆ ಸಲ ಜೋರಾಗೇ ಇತ್ತು, ಅದಕ್ಕೆ ನಿಮ್ಹಾನ್ಸ್‌ಗೆ ಬರೆದು ಕೊಟ್ರು. ಅಲ್ಲಿ ಪೇಶಂಟ್ ಜೊತೆ ಮನೆಯೋರು ಒಬ್ರು ಇರ್ಬೇಕು. ನಮ್ಮ ನಾದಿನಿ ತನ್ನ ಇಬ್ರು ಮಕ್ಕಳನ್ನ ತಾಯಿ ಹತ್ರ ಬಿಟ್ಟು ಬಂದು ಇದ್ಲು. ನಾನು ಅವಳನ್ನ ಏನೇನು ಬೈದೆನೋ ನಂಗೆ ಪೂರ್ತಿ ನೆನಪಿಲ್ಲ, ಅವಳು ಇವತ್ತಿನವರೆಗೂ ಒಂದು ಮಾತು ಎತ್ತಿಲ್ಲ. ಅವಳು ನನಗಿಂತ ಚಿಕ್ಕವಳು, ಆದ್ರೂ ಇಲ್ಲಿಂದಾನೇ ಕೈ ಮುಗೀತೀನಿ.

ನಾನು ತಗೊಳ್ಳೋದು ಲಿಥಿಯಂ. ಬೇರೆ ಒಂದು ಮಾತ್ರೇನೂ ಇದೆ, ವಾಲ್ಪ್ರೊಯೇಟ್ ಅಂತ, ಆದ್ರೆ ಅದನ್ನ ತಗೊಳ್ತಿರುವಾಗ ಬಸುರಿಯಾದ್ರೆ ಹೊಟ್ಟೇಲಿರೋ ಮಗುಗೆ ತೊಂದರೆ ಆಗೋ ಸಾಧ್ಯತೆ ಜಾಸ್ತಿ ಅಂತ, ಇನ್ನೊಂದು ಮಗು ಯೋಚನೆ ಇದ್ಯಾ ಅಂತ ಮೊದಲೇ ಕೇಳಿ ಇದನ್ನ ಕೊಟ್ರು. ಲಿಥಿಯಂ ತಗೊಂಡ್ರೂ ಮಗು ಯೋಚನೆ ಮಾಡೋಕೆ ಮುಂಚೆ ಬಂದು ಮಾತಾಡಿ ಅಂದಿದಾರೆ. ಹಿಂಗೆ ಹೆಣ್ಣುಮಕ್ಕಳ ಮುಂದಿನದು ಯೋಚನೆ ಮಾಡಿ ಬರೆಯೋ ಡಾಕ್ಟ್ರು ಸಿಗೋದು ಪುಣ್ಯ. ಇದೇನು ಹೊಸಾ ಔಷಧಿ ಅಲ್ಲ, ಒಂದು ಥರದ ಉಪ್ಪೇ, ಆಸ್ಟ್ರೇಲಿಯಾದಲ್ಲಿ ಜಾನ್ ಕೇಡ್ ಅನ್ನೋ ಡಾಕ್ಟ್ರು 1949ರಲ್ಲೇ ಮೇನಿಯಾಗೆ ಇದು ಕೆಲಸ ಮಾಡತ್ತೆ ಅಂತ ಬರೆದ್ರಂತೆ. ಎಲ್ಲಿಯ ಆಸ್ಟ್ರೇಲಿಯಾ ಎಲ್ಲಿಯ ನಮ್ಮೂರು, ಆ ಪುಣ್ಯಾತ್ಮನಿಗೂ ನನ್ನ ನಮಸ್ಕಾರ.

ಆದ್ರೆ ಲಿಥಿಯಂ ಹುಷಾರಾಗಿ ನೋಡ್ಕೋಬೇಕಾದ ಮಾತ್ರೆ. ರಕ್ತದಲ್ಲಿ ಕಮ್ಮಿ ಇದ್ರೆ ಕೆಲಸ ಮಾಡಲ್ಲ, ಜಾಸ್ತಿ ಆದ್ರೆ ವಿಷ. ಸಾಮಾನ್ಯವಾಗಿ ಲೀಟರ್ ರಕ್ತಕ್ಕೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರ್ಬೇಕು ಅಂತಾರೆ. ರಾತ್ರಿ ಮಾತ್ರೆ ತಗೊಂಡು 12 ಗಂಟೆ ಆದ್ಮೇಲೆ ರಕ್ತ ಕೊಡ್ಬೇಕು, ಥೈರಾಯ್ಡು ಕಿಡ್ನಿ ಟೆಸ್ಟೂ ಆಗಾಗ ಮಾಡ್ಸ್ಬೇಕು. ಲ್ಯಾಬ್ ಹುಡುಗಿ ಪ್ರತೀ ಸಲ ರಾತ್ರಿ ಎಷ್ಟೊತ್ತಿಗೆ ತಗೊಂಡ್ರಿ ಅಕ್ಕ ಅಂತ ಕೇಳಿ ಬರ್ಕೊಂಡೇ ಸೂಜಿ ತೆಗೆಯೋದು, ಥ್ಯಾಂಕ್ಸ್ ಕಣಮ್ಮ. ಬೇಸಿಗೇಲಿ ನೀರು ಚೆನ್ನಾಗಿ ಕುಡೀಬೇಕು, ಊಟದಲ್ಲಿ ಉಪ್ಪು ಇದ್ದಕ್ಕಿದ್ದಂಗೆ ಬಿಡಬಾರ್ದು, ವಾಂತಿ ಭೇದಿ ಆದ್ರೆ ತಕ್ಷಣ ಡಾಕ್ಟ್ರಿಗೆ ಹೇಳ್ಬೇಕು. ಇನ್ನೊಂದು ಮುಖ್ಯವಾದ್ದು ನೋವಿನ ಮಾತ್ರೆ. ಸೊಪ್ಪಿನ ಹೊರೆ ಹೊತ್ತು ಸೊಂಟ ನೋವು ನಮ್ಗೆಲ್ಲ ಮಾಮೂಲು, ಡೈಕ್ಲೋಫೆನಾಕ್, ಬ್ರೂಫೆನ್ ಅಂತ ತಂದು ನುಂಗ್ತೀವಿ, ಅವು ಲಿಥಿಯಂ ಮಟ್ಟ ಏರಿಸ್ಬಿಡ್ತಾವೆ. ಒಂದಿನ ಯಜಮಾನ್ರು ನಂಗೆ ಅಂತ ಕೇಳಕ್ಕೆ ಹೋದ್ರೆ ಮೆಡಿಕಲ್ ಸ್ಟೋರ್ ಅಣ್ಣ, ಅಕ್ಕಂಗೆ ಇದು ಆಗಲ್ಲ, ಮೇಡಂನ ಕೇಳ್ಕೊಂಡು ಬನ್ನಿ ಅಂತ ವಾಪಸ್ ಕಳಿಸಿದ್ರು. ವ್ಯಾಪಾರ ಬಿಟ್ಟು ಜೀವ ನೋಡಿದ್ರಲ್ಲ ಅಣ್ಣ, ಅದನ್ನ ಮರೆಯಲ್ಲ.

ನಮ್ಮ ಯಜಮಾನ್ರು, ಮೈದುನ ಇಬ್ರೂ ಸೇರಿ ರಾತ್ರಿ ಸೊಪ್ಪು ಹಾಕೋ ಕೆಲಸ ತಾವೇ ತಗೊಂಡಿದಾರೆ. ಹುಳ ಹಣ್ಣಾಗಿರ್ಲಿ, ಮಾರನೇ ದಿನ ಗೂಡು ಮಾರ್ಕೆಟ್‌ಗೆ ಹೋಗೋದಿರ್ಲಿ, ಹತ್ತು ಗಂಟೆಗೆ ನಾನು ಮಲಗ್ಬೇಕು. ಹೆಂಗಸರು ಮಲಗಿ ಗಂಡಸರು ಹುಳದ ಮನೇಲಿ ಅಂತ ಮೊದ್ಲು ಒಂದಷ್ಟು ಜನ ಆಡ್ಕೊಂಡ್ರು, ಇವರು ಕಿವಿಗೇ ಹಾಕ್ಕೊಳ್ಲಿಲ್ಲ. ಇನ್ನು ಅತ್ತೆ. ಅವರು ಓದಿದೋರಲ್ಲ, ಆದ್ರೆ ಕ್ಯಾಲೆಂಡರಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡಿದ ದಿನಕ್ಕೆ ಒಂದು ಗೀಟು, ಇಲ್ದಿದ್ರೆ ಸೊನ್ನೆ ಹಾಕ್ತಾರೆ. ಎರಡು ಸೊನ್ನೆ ಒಟ್ಟಿಗೆ ಬಂದ್ರೆ ಮೇಡಂಗೆ ಫೋನು. ಹೋದ ವರ್ಷ ಮಳೆಗಾಲದಲ್ಲಿ ಹಂಗೆ ಫೋನ್ ಮಾಡಿದ್ದಕ್ಕೇ ಮಾತ್ರೇಲಿ ಸ್ವಲ್ಪ ಬದಲಾವಣೆ ಮಾಡಿ ಅಲ್ಲಿಗೇ ನಿಲ್ಸಿದ್ರು. ಡಿಪ್ರೆಶನ್ ಇದ್ದಾಗ ನೆಂಟರು ಬಂದು ಏಳೇ, ಕೆಲಸ ಮಾಡೇ, ಸರಿಹೋಗತ್ತೆ ಅಂದಾಗ ಅತ್ತೆ ಹೇಳಿದ್ದು ಇಷ್ಟೇ: ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕಿ ಕೆಣಕ್ತೀವಾ, ಸುಮ್ನೆ ಬಿಡ್ತೀವಲ್ಲ, ಇವಳನ್ನೂ ಬಿಡಿ. ಅತ್ತೆ, ನಮ್ಮಮ್ಮ ಇದ್ದಿದ್ರೂ ಇಷ್ಟು ನೋಡ್ಕೊಳ್ತಿದ್ರೋ ಇಲ್ವೋ.

ಇದನ್ನ ಓದ್ತಿರೋರ ಮನೇಲಿ ಯಾರಿಗಾದ್ರೂ ಹಿಂಗಿದ್ರೆ, ಅಥವಾ ನಿಮಗೇ ಇದ್ರೆ, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಹೊತ್ತೂ ಮಾಡ್ಬಹುದು. ಶಿಡ್ಲಘಟ್ಟದ ಸುತ್ತಮುತ್ತ ಇರೋರು ಒಬ್ಬರೇ ಹೋಗಕ್ಕೆ ಹಿಂಜರಿಕೆ ಅಂದ್ರೆ ಹೇಳಿ, ನನ್ನ ಚೀಟಿ ಇಲ್ದಿದ್ರೂ ಮಂಗಳವಾರ ನಾನು ಜೊತೆಗೆ ಬರ್ತೀನಿ. ಹಳೇ ಮಾತ್ರೆ ಚೀಟಿಗಳಿದ್ರೆ ಎಲ್ಲಾ ತನ್ನಿ, ಮತ್ತೆ ಮನೇಲಿ ನಿಮ್ಮ ನಿದ್ದೆ ಬಗ್ಗೆ ಗೊತ್ತಿರೋರು ಒಬ್ಬರನ್ನ ಕರ್ಕೊಂಡು ಬನ್ನಿ, ಮೇಡಂ ಅವರನ್ನ ಖಂಡಿತ ಕೇಳ್ತಾರೆ.