ಕೈ ಮುರಿದವರಿಗೆ ಕತ್ತು ನೋವು ಕೊಟ್ಟ ನಿಮ್ಮ ಕೈ ಬೆಲ್ಟಿನ ಬಗ್ಗೆ ದೂರು

ಇವರಿಂದ,
ಒಬ್ಬ ಗ್ರಾಹಕಿ,
ಗುತ್ತಲು ರಸ್ತೆ, ಮಂಡ್ಯ
ದಿನಾಂಕ: ಮೇ 6

ಇವರಿಗೆ,
ಗ್ರಾಹಕ ಸೇವಾ ವಿಭಾಗದವರು ಮತ್ತು ಬೆಲ್ಟಿನ ಡಿಸೈನ್ ಮಾಡಿದವರು

ವಿಷಯ: ನಿಮ್ಮ ಆರ್ಮ್ ಸ್ಲಿಂಗ್‌ನ ಅಳತೆ, ಪಟ್ಟಿ ಮತ್ತು ಹೊಲಿಗೆಯಲ್ಲಿರುವ ದೋಷಗಳು, ಹಣ ವಾಪಸ್ ಕೋರಿಕೆ

ಮಾನ್ಯರೇ,

ಏಪ್ರಿಲ್ 9ರಂದು ಪೇಟೆ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ 420 ರೂಪಾಯಿ ಕೊಟ್ಟು ನಿಮ್ಮ ಕಂಪನಿಯ ಆರ್ಮ್ ಸ್ಲಿಂಗ್, ಅಂದರೆ ಮುರಿದ ಕೈಯನ್ನು ಮಡಚಿ ಇಟ್ಟು ಕತ್ತಿನಿಂದ ತೂಗಿಸುವ ಚೀಲದ ಬೆಲ್ಟು ತಗೊಂಡೆ. ಬಿಲ್ಲಿನ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದ್ದಾಯಿತು. ಮೊದಲ ಸಲ ಹಿಂದಿಯಲ್ಲಿ ಮಾತಾಡಿ ಇಟ್ಟರು. ಎರಡನೇ ಸಲ, ನೀವು ಹಾಕಿಕೊಂಡಿರುವ ರೀತಿಯೇ ತಪ್ಪು ಅಂದರು. ಮೂರನೇ ಸಲ, ಒಮ್ಮೆ ಬಳಸಿದ್ದನ್ನು ವಾಪಸ್ ತಗೊಳ್ಳೋದಿಲ್ಲ ಅಂದರು. ಬಳಸದೆ ಸರಿಯಿಲ್ಲ ಅಂತ ಗೊತ್ತಾಗೋದು ಹೇಗೆ? ಅದಕ್ಕೇ ಈ ಕಾಗದ.

ಬೆಲ್ಟು ನನಗಲ್ಲ, ನಮ್ಮ ಅವ್ವನಿಗೆ. ವಯಸ್ಸು 61. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಪಾಚಿ ಮೇಲೆ ಕಾಲಿಟ್ಟು ಜಾರಿದಳು. ಬೀಳುವಾಗ ಯಾರಾದರೂ ಮಾಡುವ ಹಾಗೆ ಬಲಗೈ ಊರಿದಳು. ಮಣಿಕಟ್ಟಿನ ಹತ್ತಿರ ಮೂಳೆ ಮುರಿಯಿತು. ಅವ್ವನಿಗೆ ನಾಟಿ ಕಟ್ಟು ಕಟ್ಟಿಸುವ ಆಸೆ ಇತ್ತು, ನಾವು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಕೂರಿಸಿ, ಮೊಣಕೈ ಕೆಳಗಿನಿಂದ ಸಿಮೆಂಟ್ ಪಟ್ಟಿ ಹಾಕಿದರು. ಆರು ವಾರ ಅಂದರು. ಓಡಾಡುವಾಗ ಕೈ ಜೋತು ಬೀಳಬಾರದು, ಒಂದು ಸ್ಲಿಂಗ್ ತಗೊಳ್ಳಿ ಅಂದರು. ಅಂಗಡಿಯವನು ಕೊಟ್ಟಿದ್ದು ನಿಮ್ಮದು.

ನಾನು ಟೈಲರ್. ಇಪ್ಪತ್ತೆರಡು ವರ್ಷದಿಂದ ಬ್ಲೌಸು, ಚೂಡಿದಾರ್, ಶಾಲೆ ಯೂನಿಫಾರ್ಮ್ ಹೊಲಿಯುತ್ತಿದ್ದೇನೆ. ಮೂಳೆ ವಿಷಯ ನನಗೆ ಗೊತ್ತಿಲ್ಲ, ಅದು ಡಾಕ್ಟರಿಗೆ ಬಿಟ್ಟಿದ್ದು. ಆದರೆ ಮೈ ಮೇಲೆ ಹಾಕಿಕೊಳ್ಳೋ ಬಟ್ಟೆ ಯಾಕೆ ಎಳೆಯುತ್ತೆ, ಎಲ್ಲಿ ಕೊರೆಯುತ್ತೆ, ಯಾಕೆ ಜಾರುತ್ತೆ ಅನ್ನೋದು ನನ್ನ ಕೆಲಸ. ನಿಮ್ಮ ಬೆಲ್ಟೂ ಒಂದು ಬಟ್ಟೆಯೇ ಅಲ್ವಾ.

ಮೊದಲು ಪಟ್ಟಿ. ಒಂದೇ ಇಂಚಿನದು, ಶಾಲೆ ಬ್ಯಾಗಿಗೆ ಹಾಕುವಂಥ ನೈಲಾನ್ ಪಟ್ಟಿ. ಅದು ನೇರವಾಗಿ ಕತ್ತಿನ ಹಿಂಭಾಗದ ಮೂಳೆ ಮೇಲೆ ಕೂರುತ್ತೆ. ಭುಜದಿಂದ ಬೆರಳಿನವರೆಗೆ ಒಂದು ಕೈಯ ತೂಕ ಮೈತೂಕದಲ್ಲಿ ನೂರಕ್ಕೆ ಸುಮಾರು 5 ಪಾಲು ಇರುತ್ತೆ. ಅವ್ವ 58 ಕೆಜಿ ಇದ್ದಾಳೆ. ಅಂದರೆ ಕೈಯೇ ಹೆಚ್ಚುಕಮ್ಮಿ ಮೂರು ಕೆಜಿ, ಮೇಲೆ ಸಿಮೆಂಟ್ ಪಟ್ಟಿಯ ಭಾರ ಬೇರೆ. ಒಂದಷ್ಟನ್ನು ಭುಜವೇ ಹೊರುತ್ತೆ ಅಂತಿಟ್ಟುಕೊಂಡರೂ, ಮಿಕ್ಕಿದ್ದೆಲ್ಲ ಆ ಒಂದಿಂಚಿನ ಮೇಲೆ. ಪಟ್ಟಿಗೆ ಒಂದು ಸ್ಪಂಜಿನ ತೋಳು ತೊಡಿಸಿದ್ದೀರಿ, ನಿಜ. ಆದರೆ ಅದನ್ನು ಎಲ್ಲೂ ಹೊಲಿದಿಲ್ಲ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅದು ಜಾರಿ ಎದೆ ಮೇಲೆ ಬಂದು ಕೂರುತ್ತೆ. ಕತ್ತಿಗೆ ಮತ್ತೆ ಬರೀ ಪಟ್ಟಿ. ನಮ್ಮ ಅವ್ವ ಚಿಕ್ಕಂದಿನಿಂದ ತಲೆ ಮೇಲೆ ನೀರಿನ ಕೊಡ ಹೊತ್ತವಳು. ಕೊಡದ ಕೆಳಗೆ ಸಿಂಬೆ ಯಾಕೆ ಇಡಬೇಕು ಅಂತ ಅವಳನ್ನು ಕೇಳಿದ್ದರೆ ಹೇಳಿರುತ್ತಿದ್ದಳು. ಮೂರನೇ ದಿನ ಅವಳು ಹೇಳಿದ್ದು ಇಷ್ಟೇ: "ಕೈ ನೋವಾದ್ರೂ ತಡ್ಕೊಬೋದು ಕಣಮ್ಮಿ, ಈ ಕತ್ತು ನೋವು ಆಗಕಿಲ್ಲ."

ಇನ್ನು ಅಳತೆ. ಡಬ್ಬಿ ಮೇಲೆ 'ಮೀಡಿಯಂ' ಅಂತ ಇದೆ. ಯಾವುದರ ಮೀಡಿಯಂ? ಎದೆ ಸುತ್ತಿನದೋ, ಎತ್ತರದ್ದೋ, ಎಲ್ಲೂ ಬರೆದಿಲ್ಲ. ಇದಕ್ಕೆ ಬೇಕಾದ ಅಳತೆ ಒಂದೇ: ಕೈ ಮಡಚಿದಾಗ ಮೊಣಕೈ ತುದಿಯಿಂದ ಬೆರಳಿನ ಬುಡದವರೆಗೆ ಎಷ್ಟು ಅಂತ. ನಾನು ಟೇಪು ಹಿಡಿದೆ. ಅವ್ವನಿಗೆ ಹದಿನಾಲ್ಕು ಇಂಚು. ನಿಮ್ಮ ಚೀಲದ ಒಳಗೆ ಹನ್ನೊಂದೂವರೆ. ಹಾಗಾಗಿ ಬಟ್ಟೆ ಮಣಿಕಟ್ಟಿನ ಹತ್ತಿರವೇ ಮುಗಿಯುತ್ತೆ, ಅಂಗೈ ಹೊರಗೆ ಜೋತು ಬೀಳುತ್ತೆ. ಮುರಿದಿರುವುದೇ ಮಣಿಕಟ್ಟು ಸ್ವಾಮಿ! ಎಲ್ಲಿಗೆ ಆಸರೆ ಬೇಕೋ ಅಲ್ಲೇ ನಿಮ್ಮ ಬಟ್ಟೆ ಮುಗಿದುಹೋಗಿದೆ.

ಅಗಲವೂ ಸಾಲದು. ಸಿಮೆಂಟ್ ಪಟ್ಟಿ ಹಾಕಿದ ಕೈ ಬರೀ ಕೈಗಿಂತ ದಪ್ಪ ಅನ್ನೋದು ನಿಮಗೆ ತಿಳಿಯದ್ದಲ್ಲ. ಕೈ ತಳದವರೆಗೆ ಇಳಿಯದೆ ಮೊಣಕೈ ಹಿಂದಕ್ಕೆ ಇಣುಕುತ್ತೆ, ಮುಂದಿನ ತುದಿ ಕೆಳಕ್ಕೆ ವಾಲುತ್ತೆ. ಆಸ್ಪತ್ರೆಯಲ್ಲಿ ಸ್ಪಷ್ಟವಾಗಿ ಹೇಳಿದ್ದರು, ಅಂಗೈ ಮೊಣಕೈಗಿಂತ ಸ್ವಲ್ಪ ಮೇಲೇ ಇರಬೇಕು, ಇಲ್ಲದಿದ್ದರೆ ಊತ ಇಳಿಯೋದಿಲ್ಲ ಅಂತ. ನಿಮ್ಮ ಬೆಲ್ಟು ಕಟ್ಟಿದ ಎರಡನೇ ದಿನ ಅವ್ವನ ಬೆರಳು ಹಲಸಿನ ತೊಳೆ ಹಾಗೆ ಊದಿದ್ದವು. ಪುಣ್ಯಕ್ಕೆ ಉಂಗುರ, ಬಳೆ ಎಲ್ಲ ಮೊದಲ ದಿನವೇ ತೆಗೆಸಿದ್ದರು.

ಮೊಣಕೈ ಮೂಲೆಗೆ ಬರುತ್ತೇನೆ. ಅಲ್ಲಿ ನೀವು ಬಟ್ಟೆಯನ್ನು ಮಡಚಿ, ದಾರ ಬಿಚ್ಚದ ಹಾಗೆ ಅಂಚಿಗೆ ಓವರ್‌ಲಾಕ್ ಹೊಲಿಗೆ ಹೊಡೆದು, ಹೊಲಿಗೆಯ ದಪ್ಪ ಅಂಚನ್ನು ಒಳಗಡೆ ಬಿಟ್ಟಿದ್ದೀರಿ. ಮೊಣಕೈ ತುದಿಯಲ್ಲಿ ಮಾಂಸವೇ ಇರೋದಿಲ್ಲ, ಚರ್ಮ ಮತ್ತು ಮೂಳೆ. ಸರಿಯಾಗಿ ಆ ತುದಿಗೇ ನಿಮ್ಮ ಹೊಲಿಗೆ ಉಜ್ಜುತ್ತೆ. ಐದನೇ ದಿನಕ್ಕೆ ಅಲ್ಲಿ ಎಂಟಾಣೆ ಅಗಲ ಕೆಂಪಾಗಿ ಸಿಪ್ಪೆ ಎದ್ದಿತ್ತು. ಹಸುಗೂಸಿನ ಟೋಪಿ ಹೊಲಿಯುವಾಗ ನಾವು ಹೊಲಿಗೆಯನ್ನು ಹೊರಕ್ಕೆ ಇಡುತ್ತೇವೆ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ವೆಲ್ಕ್ರೋ ಬಗ್ಗೆ ಒಂದು ಪ್ರತ್ಯೇಕ ಕಾಗದ ಬರೆಯಬಹುದು. ಅದರಲ್ಲಿ ಒಂದು ಕಡೆ ಗಡಸು ಕೊಕ್ಕೆ, ಇನ್ನೊಂದು ಕಡೆ ಮೆತ್ತಗಿನ ಜುಂಗು. ಗಡಸು ತುಂಡು ಯಾವಾಗಲೂ ಮೆತ್ತನೆಯದಕ್ಕಿಂತ ಚಿಕ್ಕದಿರಬೇಕು, ಆಗ ಕೊಕ್ಕೆ ಪೂರ್ತಿ ಮುಚ್ಚಿಕೊಳ್ಳುತ್ತೆ. ನಿಮ್ಮದರಲ್ಲಿ ಉಲ್ಟಾ. ಅರ್ಧ ಬೆರಳಗಲ ಕೊಕ್ಕೆ ಹೊರಗೇ ಉಳಿಯುತ್ತೆ. ಸ್ವಿಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ಅನ್ನೋ ಇಂಜಿನಿಯರ್ 1941ರಲ್ಲಿ ತನ್ನ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿ ನೋಡಿ ಇದನ್ನು ಕಂಡುಹಿಡಿದ ಅಂತ ನನ್ನ ಮಗಳು ಮೊಬೈಲಿನಲ್ಲಿ ಓದಿ ಹೇಳಿದಳು. ನಮಗೆ ಅದು ಹೊಸದೇನಲ್ಲ. ಹೊಲದ ಬದುವಿನ ಮೇಲೆ ನಡೆದು ಬಂದರೆ ಉತ್ತರಾಣಿ ಸೀರೆ ಅಂಚಿಗೆ ಹೇಗೆ ಕಚ್ಚಿಕೊಳ್ಳುತ್ತೆ ಅಂತ ಅವ್ವನಿಗೆ ಗೊತ್ತು. ನಿಮ್ಮ ಬೆಲ್ಟನ್ನು ಮನೆಯೊಳಗಿನ ಉತ್ತರಾಣಿ ಅಂತಲೇ ಕರೆಯುತ್ತಾಳೆ.

ಇಲ್ಲಿ ಒಂದು ಮಾತು ಕೇಳಬೇಕು. ಇದನ್ನು ಡಿಸೈನ್ ಮಾಡುವಾಗ ಸೀರೆ ಉಟ್ಟವರ ಮೇಲೆ ಒಮ್ಮೆಯಾದರೂ ಹಾಕಿ ನೋಡಿದ್ದೀರಾ? ಡಬ್ಬಿ ಮೇಲೆ ಟೀ ಶರ್ಟ್ ಹಾಕಿದ ಹುಡುಗ ನಗುತ್ತಾ ನಿಂತಿದ್ದಾನೆ. ಅವನಿಗೆ ಸೆರಗಿಲ್ಲ, ತುರುಬಿಲ್ಲ, ಕೊರಳಲ್ಲಿ ಸರವಿಲ್ಲ. ಬಲಗೈ ಮುರಿದರೆ ಪಟ್ಟಿ ಎಡಗಡೆಯಿಂದ ಮೇಲೆ ಬರುತ್ತೆ. ಸೆರಗು ಇರೋದೂ ಎಡ ಭುಜದ ಮೇಲೆ. ಸೆರಗಿನ ಮೇಲೆ ಪಟ್ಟಿ ಹಾಕಿದರೆ ವೆಲ್ಕ್ರೋ ಸೀರೆ ಎಳೆಯುತ್ತೆ, ಎರಡು ಒಳ್ಳೆ ಸೀರೆಯಲ್ಲಿ ದಾರ ಎದ್ದಿದೆ. ಸೆರಗಿನ ಕೆಳಗೆ ಹಾಕಿದರೆ ಪ್ರತಿ ಸಲ ಬೆಲ್ಟು ಬಿಚ್ಚೋಕೆ ಸೆರಗು ತೆಗೆಯಬೇಕು. ಮನೆಯಲ್ಲಿ ನನ್ನ ಗಂಡ, ಅಳಿಯ ಇರುತ್ತಾರೆ. ಅವ್ವ ಬಿಚ್ಚೋದೇ ಬೇಡ ಅಂತ ಸುಮ್ನೆ ಕೂತುಬಿಡುತ್ತಿದ್ದಳು. ತಲೆ ಮೇಲಿಂದ ತೂರಿಸಿ ಹಾಕುವ ಪಟ್ಟಿಯಾದ್ದರಿಂದ ತುರುಬಿಗೆ ಸಿಕ್ಕಿಕೊಳ್ಳೋದು ಬೇರೆ. ಒಂದು ಕೈಯಲ್ಲಿ ತುರುಬು ಬಿಚ್ಚಿ ಮತ್ತೆ ಕಟ್ಟೋದು ಹೇಗೆ ಅಂತ ನೀವೇ ಮಾಡಿ ನೋಡಿ.

ಬಟ್ಟೆ ಸ್ಪಂಜು ಅಂಟಿಸಿದ್ದು. ಏಪ್ರಿಲ್ ಬಿಸಿಲಲ್ಲಿ ಒಳಗೆ ಬೆವರು. ರಾತ್ರಿ ಒಗೆದು ಹಾಕಿದರೆ ಬೆಳಗ್ಗೆಯೂ ಹೊಲಿಗೆ ಹತ್ತಿರ ಹಸಿ.

ಆರನೇ ದಿನ ಅದನ್ನು ಬಿಚ್ಚಿ ಮೂಲೆಗೆ ಎಸೆದು, ಅಪ್ಪನ ಹಳೇ ಪಂಚೆ ತೆಗೆದೆ. ನಲವತ್ತು ಇಂಚು ಚೌಕ ಕತ್ತರಿಸಿ ಮೂಲೆಯಿಂದ ಮೂಲೆಗೆ ಎರಡು ಮಾಡಿದೆ. ಶಾಲೆಯಲ್ಲಿ ಗೈಡ್ಸ್ ಸೇರಿದ್ದಾಗ ಕಲಿತಿದ್ದ ತ್ರಿಕೋನ ಬ್ಯಾಂಡೇಜು ಅದು. ಚೂಪು ಮೂಲೆ ಮೊಣಕೈ ಕಡೆ, ಒಂದು ತುದಿ ಭುಜದ ಮೇಲಿಂದ, ಇನ್ನೊಂದು ತುದಿ ಕೈಯನ್ನು ಎತ್ತಿಕೊಂಡು ಮೇಲಕ್ಕೆ. ಗಂಟು ಬೆನ್ನುಮೂಳೆ ಮೇಲೆ ಬರದ ಹಾಗೆ ಕತ್ತಿನ ಪಕ್ಕದ ಗುಳಿಯಲ್ಲಿ ಹಾಕಿ, ಕೆಳಗೆ ಒಂದು ಟವೆಲ್ ಮಡಚಿಟ್ಟೆ. ಖರ್ಚು ಸೊನ್ನೆ. ಬೆಳಗಾಗುವಷ್ಟರಲ್ಲಿ ಬೆರಳಿನ ಊತ ಸ್ವಲ್ಪ ಇಳಿದಿತ್ತು. ನಿಮ್ಮ 420 ರೂಪಾಯಿಯದಕ್ಕಿಂತ ಹಳೇ ಪಂಚೆ ವಾಸಿ ಅಂತ ಬರೆಯೋಕೆ ನನಗೇನೂ ಸಂತೋಷ ಇಲ್ಲ. ಆದರೆ ಪಂಚೆಯಲ್ಲೂ ತೊಂದರೆ ಇದೆ. ಗಂಟು ಸಡಿಲವಾಗುತ್ತೆ. ಕಟ್ಟೋಕೆ ಇನ್ನೊಬ್ಬರು ಬೇಕೇ ಬೇಕು.

ಹಾಗಾಗಿ ಒಂದು ಭಾನುವಾರ ಅಂಗಡಿ ಬಾಗಿಲು ಹಾಕಿಕೊಂಡು ನಾನೇ ಒಂದು ಹೊಲಿದೆ. ಹೊರಗೆ ಕೇಸ್‌ಮೆಂಟ್ ಅನ್ನೋ ದಪ್ಪ ಹತ್ತಿ ಬಟ್ಟೆ, ಒಳಗೆ ಮಲ್ ಅನ್ನೋ ತೆಳು ಹತ್ತಿ ಬಟ್ಟೆಯ ಲೈನಿಂಗ್. ಮೊಣಕೈ ಜಾಗದಲ್ಲಿ ಮೂಲೆ ಹೊಲಿಗೆ ತೆಗೆದು, ಬ್ಲೌಸಿಗೆ ಹಿಡಿಯುವ ಹಾಗೆ ಎರಡು ಟಕ್ಸ್, ಅಂದರೆ ಚೂಪಾಗಿ ಮುಗಿಯುವ ಮಡಿಕೆ ಹೊಲಿಗೆ ಹಿಡಿದೆ. ಬಟ್ಟಲಿನ ಹಾಗೆ ಗುಂಡಗೆ ಬಂತು, ಹೊಲಿಗೆ ಹೊರಗೆ. ಮುಂದಿನ ತುದಿ ಬೆರಳಿನ ಬುಡದವರೆಗೆ ಬಂದು ತೆರೆದಿದೆ, ಬೆರಳು ಕಾಣಬೇಕು, ಆಡಿಸುತ್ತಿರಬೇಕು. ಕೈ ಹಿಂದಕ್ಕೆ ಜಾರದ ಹಾಗೆ ಹೆಬ್ಬೆರಳಿಗೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿಯ ಒಂದು ಕುಣಿಕೆ. ಭುಜದ ಪಟ್ಟಿ ಎರಡೂವರೆ ಇಂಚು, ಒಳಗೆ ಹಳೇ ಕಂಬಳಿ ತುಂಡು. ಅದು ಮೊಣಕೈ ಕಡೆಯಿಂದ ಹೊರಟು, ಬೆನ್ನಿನ ಮೇಲೆ ಓರೆಯಾಗಿ ಹೋಗಿ, ಎಡ ಭುಜ ಹತ್ತಿ, ಮುಂದೆ ಇಳಿದು ಮಣಿಕಟ್ಟಿನ ಹತ್ತಿರ ಸೇರುತ್ತೆ. ಭಾರ ಕತ್ತಿಗೆ ಬೀಳೋದಿಲ್ಲ. ಮೊದಲು ಹೊಲಿದಾಗ ಪಟ್ಟಿ ಮೆಲ್ಲಗೆ ಕತ್ತಿನ ಕಡೆಗೇ ಸರಿಯುತ್ತಿತ್ತು. ಎಡ ಕಂಕುಳಡಿಯಿಂದ ಒಂದು ಸಣ್ಣ ಪಟ್ಟಿ ಕೊಟ್ಟ ಮೇಲೆ ನಿಂತಿತು. ವೆಲ್ಕ್ರೋ ಇಲ್ಲವೇ ಇಲ್ಲ. ಉದ್ದ ಸರಿ ಮಾಡೋಕೆ ಎರಡು ಡಿ ರಿಂಗು, ಹಾಕಿ ತೆಗೆಯೋಕೆ ಎದೆ ಕೆಳಗೆ ಎಡಗೈಗೆ ಸಿಗುವ ಹಾಗೆ ಬ್ಯಾಗಿನ ಕ್ಲಿಪ್ಪು. ಟಕ್ ಅಂತ ಒತ್ತಿದರೆ ಬಿಚ್ಚುತ್ತೆ. ಸೆರಗು ಮುಟ್ಟಬೇಕಾಗಿಲ್ಲ, ತುರುಬು ಬಿಚ್ಚಬೇಕಾಗಿಲ್ಲ. ಸಾಮಾನಿಗೆ ಆದದ್ದು 130 ರೂಪಾಯಿ. ನನ್ನ ಕೂಲಿ ಬಿಟ್ಟು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಿಗೆ ತೋರಿಸಿದೆ. ಅಂಗೈ ಎತ್ತರ ನೋಡಿದರು, ಬೆರಳು ಆಡಿಸಿಸಿದರು, ಇದನ್ನೇ ಹಾಕಿ ಅಂದರು. ಆದರೆ ದಿನಕ್ಕೆ ನಾಲ್ಕೈದು ಸಲ ತೆಗೆದು ಭುಜ, ಮೊಣಕೈ ಆಡಿಸದಿದ್ದರೆ ಭುಜ ಹಿಡಿದುಕೊಳ್ಳುತ್ತೆ ಅಂತಲೂ ಹೇಳಿದರು. ಈ ಮಾತು ನಿಮ್ಮ ಡಬ್ಬಿಯೊಳಗಿನ ಚೀಟಿಯಲ್ಲಿ ಇಲ್ಲ. ಚೀಟಿ ಕನ್ನಡದಲ್ಲೂ ಇಲ್ಲ.

ನಾನು ಹೊಲಿದದ್ದು ಎಲ್ಲರಿಗೂ ಆಗುತ್ತೆ ಅಂತ ನಾನು ಹೇಳುವುದಿಲ್ಲ. ಭುಜದ ಕೀಲು ತಪ್ಪಿದವರಿಗೆ ಕೈಯನ್ನು ಮೈಗೆ ಸೇರಿಸಿ ಹಿಡಿಯುವ ಸೊಂಟದ ಪಟ್ಟಿಯೂ ಬೇಕಾಗಬಹುದು, ಅದು ಬೇರೆ ಲೆಕ್ಕ. ನಿಮ್ಮ ಡಬ್ಬಿ ಮಾತ್ರ ಕೈಯ ಎಲ್ಲ ತೊಂದರೆಗೂ ಇದೊಂದೇ ಸಾಕು ಅನ್ನುತ್ತೆ.

ನನಗೆ ಬೇಕಾಗಿರುವುದು ಇಷ್ಟು. 420 ರೂಪಾಯಿ ವಾಪಸ್ ಕೊಡಿ. ಡಬ್ಬಿ ಮೇಲೆ ಮೊಣಕೈಯಿಂದ ಬೆರಳಿನ ಬುಡದವರೆಗಿನ ಅಳತೆಯನ್ನು ಇಂಚಿನಲ್ಲೂ ಸೆಂಟಿಮೀಟರಿನಲ್ಲೂ ಅಚ್ಚು ಹಾಕಿ. ಹಾಕಿಕೊಳ್ಳುವ ರೀತಿಯನ್ನು ಚಿತ್ರದ ಜೊತೆ ಕನ್ನಡದಲ್ಲಿ ಕೊಡಿ, ಸೀರೆ ಉಟ್ಟ ಹೆಂಗಸಿನ ಚಿತ್ರವೂ ಒಂದಿರಲಿ. ಪಟ್ಟಿ ಅಗಲ ಮಾಡಿ, ಸ್ಪಂಜನ್ನು ಹೊಲಿದು ನಿಲ್ಲಿಸಿ. ಮೊಣಕೈ ಹೊಲಿಗೆ ಹೊರಕ್ಕೆ ತಿರುಗಿಸೋಕೆ ನಿಮಗೆ ಒಂದು ಪೈಸೆಯೂ ಜಾಸ್ತಿ ಬೀಳೋದಿಲ್ಲ.

ಹದಿನೈದು ದಿನ ಕಾಯುತ್ತೇನೆ. ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಅಲ್ಲೂ ಆಗದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಇಲ್ಲೇ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡುತ್ತೇನೆ. 5 ಲಕ್ಷದವರೆಗಿನ ವಸ್ತುವಿಗೆ ಅಲ್ಲಿ ಶುಲ್ಕವೂ ಇಲ್ಲ.

ನಿಮ್ಮ ಬೆಲ್ಟನ್ನು ವಾಪಸ್ ಕಳಿಸುತ್ತಿದ್ದೇನೆ. ಮೊಣಕೈ ಹತ್ತಿರ ಹೊಲಿಗೆ ಬಿಚ್ಚಿರುವುದು ನಾನೇ, ಒಳಗೆ ಏನಿದೆ ಅಂತ ನೋಡೋಕೆ. ಮಿಕ್ಕ ದೋಷ ನಿಮ್ಮವು. ಜೊತೆಗೆ ನಾನು ಹೊಲಿದ ಬೆಲ್ಟಿನ ಅಳತೆಗೆ ನ್ಯೂಸ್ ಪೇಪರಿನಲ್ಲಿ ಕತ್ತರಿಸಿದ ಕಟಿಂಗ್ ಇಟ್ಟಿದ್ದೇನೆ, ಟಕ್ಸ್ ಎಲ್ಲಿ ಹಿಡಿಯಬೇಕು ಅಂತ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ. ಹೊಲಿಗೆಗೆ ಬಿಟ್ಟ ಅರ್ಧ ಇಂಚು ಅದರಲ್ಲೇ ಸೇರಿದೆ, ಮತ್ತೆ ಬಿಡಬೇಡಿ.

ಫೋನ್ ಮಾಡುವುದಾದರೆ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಮಾಡಿ. ಬೇರೆ ಹೊತ್ತಿನಲ್ಲಿ ಮಿಷನ್ ಸದ್ದಿಗೆ ನನಗೆ ಕೇಳಿಸುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕಿ
ಮಂಡ್ಯ